ಭೀಮನ ಏಕಾದಶಿ

ನಮ್ಮ ಮನೆ ಕಟ್ಟುವಾಗ ವಾಸ್ತು ನೋಡಲು ಬಂದವರು ಎಂಟು ದಿಕ್ಕಿಗೂ ತಿರುಗಿ ನಿಂತು ನೋಡಿದ್ದರು. ಆಗ್ನೇಯಕ್ಕೆ ಒಲೆ, ಈಶಾನ್ಯಕ್ಕೆ ದೇವರು, ನೈಋತ್ಯಕ್ಕೆ ಯಜಮಾನನ ಮಂಚ ಎಂದು ಎಲ್ಲರನ್ನೂ ಅವರವರ ಮೂಲೆಗೆ ಕೂರಿಸಿ ಸಂಭಾವನೆ ತೆಗೆದುಕೊಂಡು ಹೋದರು. ಇಂಜಿನಿಯರು ಬಂದು ಗಾಳಿ ಬೆಳಕು ನೋಡಿದರು. ನೆಂಟರು ಬಂದು ಟೈಲ್ಸ್ ನೋಡಿ, ಚದರಡಿಗೆ ಎಷ್ಟಾಯಿತೆಂದು ಕೇಳಿ, ತಮಗೆ ಅದಕ್ಕಿಂತ ಕಮ್ಮಿಗೆ ಸಿಕ್ಕಿತ್ತೆಂದು ಹೇಳಿ ಸಮಾಧಾನಪಟ್ಟುಕೊಂಡರು. ಇವರೆಲ್ಲ ನೋಡಿದ್ದು ಐದೂವರೆ ಅಡಿ ಎತ್ತರದಿಂದ. ನೆಲದಿಂದ ಒಂದಡಿ ಮೇಲೆ ಕಣ್ಣಿಟ್ಟರೆ ಈ ಮನೆ ಹೇಗೆ ಕಾಣುತ್ತದೆ, ಅಲ್ಲಿಂದ ಬಾಯಿಗೆ ಏನೇನು ಎಟಕುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ಆ ಯೋಚನೆ ಬಂದದ್ದು ಭೀಮ ಬಂದ ಮೇಲೆ.

ಭೀಮ ಬೀದಿನಾಯಿಯ ಮರಿ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಮಗಳು ಯಾವುದೋ ಮಳೆಯ ರಾತ್ರಿ ಅದನ್ನು ಮನೆಗೆ ಎತ್ತಿಕೊಂಡು ಹೋದಳು. ಆಮೇಲೆ ಸುಬ್ಬಿ ಎಂಬ ಬೆಕ್ಕು ತಾನಾಗಿಯೇ ಬಂದು ಸೇರಿಕೊಂಡಿತು. ಆಮೇಲೆ ಮಗಳಿಗೆ ಪುಣೆಗೆ ವರ್ಗವಾಯಿತು. ಈ ಮೂರು ಸಂಗತಿಗಳಿಗೂ, ಮೈಸೂರಿನಲ್ಲಿ ತಣ್ಣಗೆ ಪಿಂಚಣಿ ಎಣಿಸಿಕೊಂಡಿದ್ದ ನನಗೂ ಏನು ಸಂಬಂಧ ಎಂದು ಕೇಳುವಷ್ಟರಲ್ಲಿ ಕಾರು ಗೇಟಿನ ಮುಂದೆ ನಿಂತಿತ್ತು. “ಸ್ವಲ್ಪ ದಿನ ಅಷ್ಟೇ ಅಪ್ಪ” ಅಂದಳು. ಹೆಣ್ಣುಮಕ್ಕಳು ತವರಿನಲ್ಲಿ ಬಿಟ್ಟುಹೋದ ಸಾಮಾನೆಲ್ಲ ಸ್ವಲ್ಪ ದಿನಕ್ಕೇ ಇರುತ್ತದೆ. ಅವಳ ಡ್ರಾಯಿಂಗ್ ಬೋರ್ಡು ಇವತ್ತಿಗೂ ಅಟ್ಟದ ಮೇಲಿದೆ. ಹೋಗುವಾಗ ಒಂದು ಪಟ್ಟಿಯನ್ನೂ ಕೈಗಿಟ್ಟಳು. ಪಶುವೈದ್ಯರನ್ನು ಕೇಳಿ, ತಾನೇ ಟೈಪು ಮಾಡಿ, ಪ್ಲಾಸ್ಟಿಕ್ ಫೈಲಿಗೆ ಹಾಕಿ ತಂದದ್ದು. ‘ಮನೆಯಲ್ಲಿ ಇರಬಾರದ್ದು, ಇದ್ದರೂ ಎಟಕಬಾರದ್ದು’ ಅಂತ ತಲೆಬರಹ. ಓದುತ್ತ ಹೋದರೆ ನಮ್ಮ ಮನೆಯಲ್ಲಿರುವುದೆಲ್ಲ ಅದರಲ್ಲಿತ್ತು. ಬಿಟ್ಟುಹೋಗಿದ್ದದ್ದು ನಾನೊಬ್ಬ.

ಪಟ್ಟಿಯ ಮೊದಲ ಸಾಲು: ‘ಮನೆಯವರಲ್ಲಿ ಒಬ್ಬರು ಅಂಬೆಗಾಲಿಡುತ್ತ ಎಲ್ಲ ಕೋಣೆಗಳನ್ನೂ ಒಮ್ಮೆ ಸುತ್ತಬೇಕು.’ ನಿಂತವರಿಗೆ ಕಾಣದ ಅಪಾಯ ಹಾಗೆ ಹೋದವರಿಗೆ ಕಾಣುತ್ತದಂತೆ. “ರೀ, ಸರ್ವೀಸ್ ಪೂರ್ತಿ ಊರೂರು ತಿರುಗಿ ಬ್ರಾಂಚ್ ಇನ್‌ಸ್ಪೆಕ್ಷನ್ ಮಾಡಿದೋರು ನೀವು. ಇದನ್ನೂ ಮಾಡಿ” ಅಂದಳು ಹೆಂಡತಿ. ಬ್ಯಾಂಕಿನ ತಪಾಸಣೆಗೆ ಹೋದರೆ ಕುರ್ಚಿ, ಕಾಫಿ, ಸಂಜೆಗೆ ಆ ಊರಿನ ವಿಶೇಷ ತಿಂಡಿ ಇಷ್ಟಂತೂ ಸಿಗುತ್ತಿತ್ತು. ಇಲ್ಲಿ ಮಂಡಿಗೆ ಹಾಕಿಕೊಳ್ಳಲು ಒಂದು ಹಳೇ ಟವೆಲ್ ಸಿಕ್ಕಿತು.

ಸೋಫಾದ ಅಡಿಯ ಲೋಕವನ್ನು ನೋಡದೆ ಯಾರೂ ತಮ್ಮ ಮನೆ ತಮಗೆ ಗೊತ್ತು ಎಂದು ಹೇಳಬಾರದು. ಅಲ್ಲಿ ನನಗೆ ಸಿಕ್ಕಿದ್ದು: ದಾರ ಪೋಣಿಸಿದ ಸೂಜಿ, ರಬ್ಬರ್ ಬ್ಯಾಂಡುಗಳು, ನಾನು ನುಂಗಿದ್ದೇನೆಂದು ಹೆಂಡತಿಗೆ ವರದಿ ಒಪ್ಪಿಸಿದ್ದ ಬಿ.ಪಿ. ಮಾತ್ರೆ, ಒಂದು ಮದುವೆಯ ಕರೆಯೋಲೆ (ಆ ದಂಪತಿಯ ಮಗ ಈಗ ಪಿಯುಸಿ), ಅಮ್ಮನ ಕಿವಿಯ ಯಂತ್ರದ ಗುಂಡಿಯಷ್ಟಗಲದ ಬ್ಯಾಟರಿ. ಈ ಬ್ಯಾಟರಿಯನ್ನು ಮಗಳು ಪಟ್ಟಿಯಲ್ಲಿ ಕೆಂಪು ಗೆರೆ ಎಳೆದು ಬರೆದಿದ್ದಳು. ನಾಯಿಯೋ ಮಗುವೋ ನುಂಗಿದರೆ ಅನ್ನನಾಳದಲ್ಲಿ ಕೂತು ಕೆಲವೇ ಗಂಟೆಗಳಲ್ಲಿ ಸುಟ್ಟು ತೂತು ಮಾಡಬಲ್ಲದು. ಟಿವಿಯ ಹಿಂದೆ ವೈರುಗಳ ಒಂದು ಹುತ್ತವೇ ಇತ್ತು. ಹಲ್ಲು ಮೂಡುತ್ತಿರುವ ಮರಿಗೆ ವೈರು ಅಂದರೆ ಅಗಿಯಲು ಹದವಾದ ವಸ್ತು, ಅದರೊಳಗೆ 230 ವೋಲ್ಟ್ ಇರುವ ವಿಷಯ ಅದಕ್ಕೆ ಯಾರೂ ಹೇಳಿರುವುದಿಲ್ಲ.

ನಾನು ಅಲ್ಲಿ ಸೊಂಟ ಎತ್ತಿ ತಲೆ ತಗ್ಗಿಸಿ ಲೆಕ್ಕ ಹಾಕುತ್ತಿದ್ದರೆ ಭೀಮನಿಗೆ ಆನಂದ. ಇಷ್ಟು ದಿನ ಆಕಾಶದಲ್ಲಿದ್ದ ಮುಖ ತನ್ನ ಮಟ್ಟಕ್ಕೆ ಇಳಿದು ಬಂದಿದೆ! ಬೆನ್ನು ಹತ್ತಿದ, ಕಿವಿ ನೆಕ್ಕಿದ. ಅದೇ ಹೊತ್ತಿಗೆ ಸಿಲಿಂಡರ್ ತಂದವನು ಬಾಗಿಲಲ್ಲಿ ನಿಂತು, “ಸಾರ್, ಸೊಂಟ ಹಿಡ್ಕೊಂಬುಟ್ತಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಎರಡೂ ಕಂಕುಳಿಗೆ ಕೈಕೊಟ್ಟು ಸಿಲಿಂಡರ್ ಎತ್ತುವ ಅಭ್ಯಾಸದಲ್ಲೇ ನನ್ನನ್ನು ಎತ್ತಿ ನಿಲ್ಲಿಸಿದ. ಸಂಜೆಯೊಳಗೆ ಎದುರು ಮನೆಯವರು ಹರಳೆಣ್ಣೆ, ಪಕ್ಕದ ಮನೆಯವರು ಮೂಳೆ ಡಾಕ್ಟರ ಫೋನ್ ನಂಬರು ಕಳಿಸಿಕೊಟ್ಟರು.

ಇಷ್ಟೆಲ್ಲ ನಡೆಯುವಾಗ ಅಮ್ಮ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಎಂಬತ್ತು ದಾಟಿದ ಜೀವ. ಮಡಿ, ಏಕಾದಶಿ, ಚಾತುರ್ಮಾಸ್ಯ ಒಂದನ್ನೂ ಬಿಟ್ಟವಳಲ್ಲ. ಕಾಶಿಗೆ ಹೋದವರು ತಮಗೆ ಇಷ್ಟವಾದದ್ದನ್ನು ಅಲ್ಲಿ ಬಿಟ್ಟು ಬರಬೇಕಲ್ಲ, ಅಮ್ಮ ಸೀಬೆಹಣ್ಣು ಬಿಟ್ಟು ಬಂದಿದ್ದಾಳೆ. “ಹಲ್ಲು ಅಲ್ಲಾಡೋಕೆ ಶುರುವಾದ ಮೇಲೆ ಸೀಬೆಹಣ್ಣು ಬಿಟ್ಟಿದ್ದು ಯಾವ ತ್ಯಾಗ?” ಎಂದು ಅಪ್ಪ ಇದ್ದಷ್ಟು ದಿನವೂ ಕೇಳುತ್ತಿದ್ದರು. ಬೆಕ್ಕು ಮನೆಯೊಳಗೆ ಓಡಾಡಿದರೆ ಅಮ್ಮನಿಗೆ ಅಡ್ಡಿಯಿಲ್ಲ, ಅದಕ್ಕೆ ಮಡಿಯಲ್ಲಿ ಹಿಂದಿನಿಂದಲೂ ರಿಯಾಯಿತಿ ಇದೆ. ನಾಯಿಗೆ ಇಲ್ಲ. ಭೀಮನಿಗೆ ನಡುಮನೆಯ ಹೊಸ್ತಿಲೇ ಗಡಿ ಎಂದು ಮೊದಲ ದಿನವೇ ಸಾರಿದ್ದಳು.

“ನಮ್ಮ ತವರಲ್ಲಿ ನಾಯಿ ಇರಲಿಲ್ವೇ? ಬೆಕ್ಕು ಇರಲಿಲ್ವೇ? ಅವಕ್ಕೆ ಯಾರು ಪಟ್ಟಿ ಬರೆದಿಟ್ಟಿದ್ರು? ಎಲೆ ಎತ್ತಿ ಹಾಕಿದ್ದು ತಿಂದ್ಕೊಂಡು ಗುಂಡಗಿದ್ವು” ಅಂದಳು. ಹಳೆಯ ಮನೆಗಳಲ್ಲಿ ನೆಲು ಇತ್ತು, ನಾಗಂದಿಗೆ ಇತ್ತು, ಎಲ್ಲವೂ ಮೇಲೆಯೇ ಇರುತ್ತಿತ್ತು, ನಿಮ್ಮ ಮನೆಗಳಲ್ಲಿ ಎಲ್ಲವೂ ನೆಲಕ್ಕೆ ಬಂದಿದೆ, ಎಂಬುದು ಅವಳ ವಾದ. ಅದು ನಿಜವೇ. ಆದರೆ ನೆಲು ಇದ್ದದ್ದು ಬೆಕ್ಕಿನಿಂದ ಹಾಲನ್ನು ಕಾಪಾಡಲು. ಮಗಳ ಪಟ್ಟಿಯ ಪ್ರಕಾರ ಹಾಲಿನಿಂದ ಬೆಕ್ಕನ್ನು ಕಾಪಾಡಬೇಕು! ದೊಡ್ಡ ಬೆಕ್ಕುಗಳಲ್ಲಿ ಬಹುಪಾಲಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಕಣ್ಣು ಮುಚ್ಚುವುದು ಮುಂದಿನದನ್ನು ನೆನೆದೇ ಇರಬೇಕು.

ಔಷಧಿ ಡಬ್ಬಿಯ ಪಾಡು ಬೇಗ ಮುಗಿಯಿತು, ಅದನ್ನು ಬೀರುವಿಗೆ ಹಾಕಿ ಬೀಗ ಹಾಕಿದೆವು. ಜ್ವರ ಬಂದರೆ ನಾವು ಕಡಲೆಪುರಿಯ ಸಲೀಸಿನಲ್ಲಿ ನುಂಗುವ 500 ಮಿಲಿಗ್ರಾಂ ಪ್ಯಾರಸಿಟಮಾಲ್ ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಅದನ್ನು ಜೀರ್ಣಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದೇ ಬಡ ಯಕೃತ್ತಿಗೆ ಫಿನೈಲೂ ಆಗದು. ಒರೆಸಿದ ನೆಲದ ಮೇಲೆ ಸುಬ್ಬಿ ರಾಜಕುಮಾರಿಯ ಠೀವಿಯಲ್ಲಿ ನಡೆದುಹೋಗಿ, ಕಿಟಕಿಯಲ್ಲಿ ಕೂತು ಪಾದ ನೆಕ್ಕಿಕೊಂಡರೆ ಫಿನೈಲು ಹೊಟ್ಟೆಗೆ. ಕೆಲಸದವಳಿಗೆ ಇದನ್ನು ಹೇಳಿದ್ದಕ್ಕೆ, “ವಾಸನೆ ಇಲ್ದಿದ್ರೆ ಒರೆಸಿದೀನಿ ಅಂತ ಅಮ್ಮಾವ್ರು ಒಪ್ಕೊತಾರಾ?” ಎಂದು ಕೇಳಿದಳು. ಅದು ನಾನು ಉತ್ತರಿಸಬಹುದಾದ ಪ್ರಶ್ನೆಯಾಗಿರಲಿಲ್ಲ. ರೇಷ್ಮೆ ಸೀರೆಗಳ ಮಧ್ಯದಿಂದ ನುಸಿಗುಳಿಗೆಯನ್ನೂ ತೆಗೆದೆವು. ಭೀಮನಿಗೆ ಉಣ್ಣೆ ಹತ್ತದಿರಲೆಂದು ತಂದ ತೊಟ್ಟಿನ ಔಷಧಿಯನ್ನು ಹಿಂದಿರುಗಿಸಿದೆವು. ಅದರಲ್ಲಿರುವ ಪರ್ಮೆತ್ರಿನ್ ನಾಯಿಗೆ ನಿರಪಾಯ, ಬೆಕ್ಕಿಗೆ ಪ್ರಾಣಾಂತಕ, ಸುಬ್ಬಿ ಮಲಗುವುದು ಭೀಮನ ಹೊಟ್ಟೆಗೆ ಒತ್ತಿಕೊಂಡು.

ಕೈತೋಟ ಹೆಂಡತಿಯ ಸಾಮ್ರಾಜ್ಯ. ಅಲ್ಲಿಗೆ ಪಟ್ಟಿ ಹಿಡಿದು ಹೋಗುವಾಗ ನನಗೆ ಸ್ವಲ್ಪ ಅಳುಕಿತ್ತು. ಮನಿ ಪ್ಲಾಂಟ್, ಡೀಫನ್‌ಬಾಕಿಯ ಎರಡರ ಎಲೆಯಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ ಎಂದೆ. “ಕೆಸುವಿನೆಲೇಲೂ ಅದೇ ಇರೋದು. ಪತ್ರೊಡೆ ತಿಂದು ನೀವು ಊದಿಕೊಂಡಿದೀರಾ?” ಎಂದಳು. ಊದಿಕೊಂಡಿದ್ದೇನೆ, ಆದರೆ ಅದರ ಕಾರಣ ಬೇರೆ. ಹುಳಿ ಹಾಕಿ ಬೇಯಿಸುವುದು ನಾಯಿಗೆ ಗೊತ್ತಿಲ್ಲವಲ್ಲ ಎಂದು ಮಾತು ತೇಲಿಸಿದೆ. ಮನಿ ಪ್ಲಾಂಟ್ ಮೇಲಿನ ಹುಕ್ಕಿಗೆ ಹೋಯಿತು, ನಮ್ಮ ಮನೆಯಲ್ಲಿ ಮನಿ ಅನ್ನುವುದು ಕೈಗೆಟುಕದಿರುವುದು ಹೊಸದೇನಲ್ಲ. ನಿಜವಾದ ಜಗಳ ನಡೆದದ್ದು ಸೈಕಾಸಿನ ಮೇಲೆ. ನರ್ಸರಿಯವರು ಅಷ್ಟು ದುಡ್ಡು ತೆಗೆದುಕೊಂಡು ಕೊಡುವ, ತಾಳೆಯೂ ಅಲ್ಲದ ಜರೀಗಿಡವೂ ಅಲ್ಲದ ಆ ಗಿಡದ ಬೇರಿನಿಂದ ಬೀಜದವರೆಗೆ ಎಲ್ಲವೂ ನಾಯಿಯ ಯಕೃತ್ತಿಗೆ ವಿಷ, ಬೀಜವಂತೂ ಘೋರ. “ಈ ಗಿಡ ಡೈನೋಸಾರ್ ಕಾಲದಿಂದ ಇದೆ ರೀ” ಎಂದಳು. ಡೈನೋಸಾರುಗಳು ಈಗ ಇಲ್ಲವಲ್ಲ ಎಂದೆ. ಸೈಕಾಸ್ ಅವಳ ತಂಗಿಯ ಮನೆಗೆ ಹೋಯಿತು, ಅವರ ಮನೆಯಲ್ಲಿ ಇರುವುದು ಮೀನಿನ ತೊಟ್ಟಿ ಮಾತ್ರ. ಕಣಗಿಲೆಯನ್ನು ಕಡಿಯಲು ಅಮ್ಮ ಬಿಡಲಿಲ್ಲ. ಅದರ ಎಲೆ ಹೃದಯ ನಿಲ್ಲಿಸುವಂಥದ್ದು ಎಂದು ಹೇಳಿದರೆ, “ಗೊತ್ತು. ದನ ಕೂಡ ಅದಕ್ಕೆ ಬಾಯಿ ಹಾಕಲ್ಲ. ದೇವರ ಹೂವಿಗೆ ಬೇಕು” ಎಂದಳು. ಗಿಡದ ಸುತ್ತ ತಂತಿ ಬಲೆ ಬಂತು. ದೇವರಿಗೂ ನಾಯಿಗೂ ಮಧ್ಯೆ ಸರ್ಕಾರ ಹೀಗೆಯೇ ರಾಜಿ ಮಾಡಿಸುವುದು.

ಇದಕ್ಕಿಂತ ಸೂಕ್ಷ್ಮವಾದದ್ದು ದೇವರ ಮನೆ. ಅಲ್ಲಿ ಅಪಾಯವೆಂಬುದು ಹಿತ್ತಾಳೆ ತಟ್ಟೆಯಲ್ಲಿ ಅಲಂಕಾರ ಮಾಡಿಕೊಂಡು ಕೂತಿರುತ್ತದೆ. ಕರ್ಪೂರ ವಿಷ. ದೀಪ ಬೆಂಕಿ. ತುಪ್ಪದ ಬತ್ತಿ ಎರಡಕ್ಕಿಂತ ಹೆಚ್ಚು, ಯಾಕೆಂದರೆ ಅದು ರುಚಿಯಾಗಿದೆ. ಸುಬ್ಬಿಗೆ ದೇವರ ಮನೆಯಲ್ಲಿ ಶ್ರದ್ಧೆ ಇದ್ದದ್ದು ಈ ಬತ್ತಿಯ ಕಾರಣಕ್ಕೆ. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳೆಲ್ಲ ಗಂಟಲಿನ ಕಡೆಗೆ ಬಾಗಿವೆ. ಒಮ್ಮೆ ದಾರ ಸಿಕ್ಕಿತೆಂದರೆ ಉಗುಳಬೇಕೆಂದರೂ ಉಗುಳಲಾಗದು, ಒಳಗೊಳಗೆ ಹೋಗುತ್ತಲೇ ಇರುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ತುದಿ ಕರುಳಿಗಿಳಿದರೆ ಕರುಳು ನೆರಿಗೆ ಹಿಡಿದುಕೊಂಡು ಹರಿದೇ ಹೋಗಬಹುದು. ಹಿಂದಿನಿಂದ ದಾರದ ತುದಿ ಕಂಡರೆ ಖಂಡಿತ ಎಳೆಯಬೇಡಿ, ಸೀದಾ ಡಾಕ್ಟರ ಹತ್ತಿರ ಹೋಗಿ ಎಂದು ಪಟ್ಟಿ ಹೇಳುತ್ತದೆ. ಇದನ್ನು ಓದಿ ನನಗೆ ನಮ್ಮ ಮನೆಯಲ್ಲಿ ಎಷ್ಟು ದಾರ ಇದೆ ಎಂಬುದು ಮೊದಲ ಸಲ ಹೊಳೆಯಿತು. ದಿನಾ ಬರುವ ಮೊಳ ಮಲ್ಲಿಗೆಯ ದಾರ, ಸ್ವೀಟ್ ಡಬ್ಬಿಗೆ ಸುತ್ತಿದ ದಾರ, ಅನಂತನ ದಾರ, ತೋರಣದ ದಾರ, ಮಗಳ ಮಣಿಕಟ್ಟಿನಿಂದ ಬಿಚ್ಚಿಟ್ಟ ಯಾವುದೋ ದೇವಸ್ಥಾನದ ದಾರ. ಹಿಂದೂ ಗೃಹಸ್ಥನ ಮನೆ ನಿಂತಿರುವುದೇ ಗಂಟು ಹಾಕಿದ ಹತ್ತಿಯ ಮೇಲೆ. ಕೊನೆಗೆ ನಿರ್ಮಾಲ್ಯದ ಬುಟ್ಟಿಗೆ ಒಂದು ಮುಚ್ಚಳ ಮಾಡಿಸಿದೆವು. ಹೂವಾಡಗಿತ್ತಿ ಮಾತ್ರ ಬಾಳೆನಾರಿನಲ್ಲಿ ಕಟ್ಟಿ ಕೊಡಲು ಒಪ್ಪಲಿಲ್ಲ. “ಬೆಕ್ಕಿಗೋಸ್ಕರವಾ ಸ್ವಾಮಿ?” ಎಂದು ಎರಡು ಸಲ ಕೇಳಿ, ನನ್ನನ್ನು ಕನಿಕರದಿಂದ ನೋಡಿ, ಒಂದು ಗುಲಾಬಿ ಹೆಚ್ಚಿಗೆ ಕೊಟ್ಟಳು.

ಮಹಡಿಯ ಬಾಲ್ಕನಿಗೆ ಬಲೆ ಹಾಕಿಸಬೇಕು ಎಂದಾಗ ಅಮ್ಮ ಮತ್ತೆ ತವರಿಗೆ ಹೋದಳು. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆಯೇ ಬೀಳುತ್ತದೆ, ಅವಳ ತವರಿನ ಬೆಕ್ಕು ಸೂರಿನಿಂದ ಬಿದ್ದು ಎದ್ದು ಹಾಲು ಕುಡಿಯಲು ಹೋಗಿತ್ತು. ಅಮ್ಮನ ಪಕ್ಷಕ್ಕೆ ದೊಡ್ಡ ವಿದ್ವಾಂಸರೂ ಇದ್ದಾರೆ. 1987ರಲ್ಲಿ ನ್ಯೂಯಾರ್ಕಿನ ಇಬ್ಬರು ಪಶುವೈದ್ಯರು ಮಹಡಿಗಳಿಂದ ಬಿದ್ದು ತಮ್ಮ ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಲೆಕ್ಕ ಪ್ರಕಟಿಸಿದರು. ಚಿಕಿತ್ಸೆ ಪಡೆದವುಗಳಲ್ಲಿ ಶೇಕಡ 90 ಬದುಕಿದ್ದವು, ಅವುಗಳಲ್ಲಿ 32ನೇ ಮಹಡಿಯಿಂದ ಬಿದ್ದದ್ದೂ ಒಂದು. ಏಳು ಮಹಡಿಗಿಂತ ಮೇಲಿನಿಂದ ಬಿದ್ದವಕ್ಕೆ ಪೆಟ್ಟು ಕಮ್ಮಿಯೇ ಎಂದೂ ಅದರಲ್ಲಿತ್ತು. ಹಾಗಿದ್ದರೆ ಬೆಕ್ಕು ಇರುವವರು ಎಂಟನೇ ಮಹಡಿಗೆ ಮನೆ ಬದಲಾಯಿಸುವುದು ಕ್ಷೇಮ ಅನ್ನಬೇಕಾಗುತ್ತದೆ. ಆಮೇಲೆ ಯಾರೋ ಕೇಳಿದರು: ಬಿದ್ದಲ್ಲೇ ಸತ್ತ ಬೆಕ್ಕನ್ನು ಆಸ್ಪತ್ರೆಗೆ ಯಾರು ತರುತ್ತಾರೆ? ಲೆಕ್ಕದ ಪುಸ್ತಕಕ್ಕೆ ಬಂದದ್ದು ಬದುಕುವ ಆಸೆ ಇದ್ದವು ಮಾತ್ರ. ಇನ್‌ಸ್ಪೆಕ್ಟರಾಗಿದ್ದವನಿಗೆ ಈ ಮಾತು ಬೇಗ ಅರ್ಥವಾಗುತ್ತದೆ, ಊರು ಬಿಟ್ಟು ಹೋದ ಸಾಲಗಾರನೂ ಶಾಖೆಯ ಸಂತೃಪ್ತ ಗ್ರಾಹಕರ ಪಟ್ಟಿಯಲ್ಲಿ ಇರುವುದಿಲ್ಲ. ಅಮ್ಮನ ತವರಿನ ನಾಯಿಬೆಕ್ಕುಗಳ ಕತೆಯೂ ಇದೇ. ಹುಳಿಯನ್ನ ತಿಂದು ಗುಂಡಗಿದ್ದವು ನೆನಪಿನಲ್ಲಿ ಉಳಿದವು. ಒಂದು ಬೆಳಿಗ್ಗೆ ಹಿತ್ತಿಲಲ್ಲಿ ಬಿದ್ದಿದ್ದವನ್ನು “ಏನೋ ತಿಂದಿತ್ತು ಅನ್ಸುತ್ತೆ” ಎಂದು ಆಳು ಎಳೆದುಕೊಂಡು ಹೋದ.

ಬಲೆ ಹಾಕಲು ಬಂದ ಹುಡುಗರಿಗೆ ಸುಬ್ಬಿಯೇ ಮೇಲ್ವಿಚಾರಕಿ. ಬಲೆ ಮುಗಿದ ಮೇಲೆ ಅದು ವಾಷಿಂಗ್ ಮೆಷಿನ್ನಿನ ಡ್ರಮ್ಮಿನಲ್ಲಿ ಮಲಗಲು ಶುರುಮಾಡಿತು. ಈಗ ಬಟ್ಟೆ ಹಾಕುವ ಮೊದಲು ಹೆಂಡತಿ ಬಾಗಿಲೊಳಗೆ ತಲೆ ಹಾಕಿ “ಸುಬ್ಬೀ?” ಎಂದು ಕರೆಯುತ್ತಾಳೆ. ಹೊಸದಾಗಿ ಬಂದವರಿಗೆ ಇದು ಆತಂಕ ಹುಟ್ಟಿಸುತ್ತದೆ.

ದೀಪಾವಳಿಯ ವಿಷಯದಲ್ಲಿ ಮನೆಯೊಳಗೆ ಮಾಡುವುದು ಬಹಳ ಇಲ್ಲ. ನಮ್ಮ ಕಿವಿ 20,000 ಹರ್ಟ್ಸಿಗೆ ಕೈಚೆಲ್ಲಿದರೆ ನಾಯಿಯದು ಸುಮಾರು 45,000ದವರೆಗೆ, ಬೆಕ್ಕಿನದು ಅದಕ್ಕಿಂತಲೂ ಮೇಲೆ ಕೇಳುತ್ತದೆ. ನಮಗೆ ಢಂ ಅನ್ನಿಸಿದ್ದು ಅವಕ್ಕೆ ಏನನ್ನಿಸುತ್ತದೋ. ಕಿಟಕಿ ಮುಚ್ಚಿ, ಪರದೆ ಎಳೆದು, ರೇಡಿಯೋ ಹಾಕಿ, ಮಂಚದ ಕೆಳಗೆ ಹಳೇ ಕಂಬಳಿ ಹಾಸಿ ಕೊಡಬೇಕು, ಕೊರಳಪಟ್ಟಿಗೆ ಫೋನ್ ನಂಬರು ಬರೆಸಬೇಕು, ಬೆದರಿ ಓಡಿದ ನಾಯಿಗೆ ಮನೆಯ ವಿಳಾಸ ನೆನಪಿರುವುದಿಲ್ಲ. ಪಟಾಕಿ ಹೊಡೆಯುವುದು ರಾತ್ರಿ 8ರಿಂದ 10ರವರೆಗೆ ಮಾತ್ರ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ನಮ್ಮ ಬೀದಿಯ ಹುಡುಗರು ಆ ಆದೇಶವನ್ನು ಬೆಳಿಗ್ಗೆ 8ರಿಂದ ರಾತ್ರಿ 10 ಎಂದು ಓದಿಕೊಂಡಿದ್ದಾರೆ. ಭೀಮನಿಗೆ ಪಟಾಕಿಯೇ ಬೇಕೆಂದಿಲ್ಲ, ಕುಕ್ಕರಿನ ಮೊದಲನೇ ಕೂಗಿಗೇ ಮಂಚದಡಿ ಸೇರುತ್ತಾನೆ. ಅವನನ್ನು ಹೊರಗೆಳೆಯಲು ಕೂತಾಗೆಲ್ಲ ನನಗೆ ಆತಕೂರಿನ ಕಾಳಿಯ ನೆನಪು ಬರುತ್ತದೆ. ಕಾಳಿಯ ಕತೆ ಹೇಳುವ ಮದ್ದೂರು ತಾಲ್ಲೂಕಿನ ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಕ್ರಿ.ಶ. 949-50ರದ್ದು. ತಕ್ಕೋಲದ ಯುದ್ಧದಲ್ಲಿ ಮೆಚ್ಚುವಂತೆ ಕಾದಿದ ಮಣಲರನಿಗೆ ಅರಸ ಬೇಕಾದ್ದು ಕೇಳು ಎಂದರೆ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯ ಮೇಲೆ ಬಿದ್ದು ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟು, ಪೂಜೆ ಮಾಡದೆ ಉಣ್ಣಬಾರದೆಂದು ಪೂಜಾರಿಗೆ ಕಟ್ಟಳೆ ಹಾಕಿದರು. ನಾನು ಇದನ್ನು ಮಂಚದಡಿಗೆ ಬಗ್ಗಿ ಭೀಮನಿಗೆ ವಿವರವಾಗಿ ಹೇಳಿದೆ. ಅಷ್ಟರಲ್ಲಿ ಎರಡನೇ ಕೂಗು ಬಂತು.

ಇಷ್ಟಾದರೂ ಉಳಿದದ್ದು ಊಟ. ಪಟ್ಟಿಯ ಅತ್ಯಂತ ಉದ್ದದ ಭಾಗ ಅದೇ. ಅಡಿಗೆಮನೆಯ ಕೆಳಗಿನ ಕಪಾಟುಗಳಿಗೆಲ್ಲ ಮಕ್ಕಳ ಲಾಕು ಹಾಕಿಸಿದ್ದೆವು. ಅದರ ಮಹಿಮೆಯಿಂದ ಬೆಳಗಿನ ಕಾಫಿಪುಡಿ ನನಗೆ ಸಿಗುವುದು ನಿಂತಿತು, ಸುಬ್ಬಿ ಮಾತ್ರ ಉಗುರು ಹಾಕಿ ತೆಗೆಯುವುದನ್ನು ಕಲಿತಿತು. ಕಸದ ಬುಟ್ಟಿಗೂ ಒತ್ತಿ ತೆಗೆಯುವ ಮುಚ್ಚಳ ಬಂತು, ಯಾಕೆಂದರೆ ಮಾವಿನ ವಾಟೆ, ಜೋಳದ ದಿಂಡು ಇವೆರಡೂ ನಾಯಿಯ ಕರುಳಿಗೆ ಬಿರಡೆ ಹಾಕುತ್ತವೆ. ಆದರೆ ನಾಯಿ ಕದ್ದು ತಿನ್ನುವುದನ್ನು ತಡೆಯುವ ಲಾಕಿಗೆ ಅಂಗಡಿಯಿದೆ, ಜನ ಕರೆದು ತಿನ್ನಿಸುವುದನ್ನು ತಡೆಯುವ ಲಾಕು ಯಾವ ಅಂಗಡಿಯಲ್ಲೂ ಇಲ್ಲ. ನಮ್ಮಲ್ಲಿ ಎದುರಿಗೆ ಒಂದು ಜೀವ ಕೂತಿರುವಾಗ ಅದಕ್ಕೆ ಕೊಡದೆ ತಿನ್ನುವುದು ಪಾಪ. ಆ ಜೀವ ಬಾಲ ಅಲ್ಲಾಡಿಸಿದರೆ ಮಹಾಪಾಪ. “ಇದು ಅವನಿಗೆ ಆಗಲ್ಲ” ಎಂದರೆ “ಒಂದು ಚೂರು ತಿಂದ್ರೆ ಏನಾಗುತ್ತೆ?” ಎಂಬ ಉತ್ತರ ಸಿದ್ಧ. “ಡಾಕ್ಟ್ರು ಬೇಡ ಅಂದಿದಾರೆ” ಎಂದರೆ ಇನ್ನೂ ಕಷ್ಟ. ಡಾಕ್ಟರು ಬೇಡ ಅಂದ ಮೈಸೂರುಪಾಕನ್ನು ತಮ್ಮ ಬಾಯಿಗೆ ಇಟ್ಟುಕೊಳ್ಳುತ್ತಲೇ ಅವರು ಇನ್ನೊಂದು ಚೂರನ್ನು ಭೀಮನಿಗೆ ಮುರಿಯುತ್ತಿರುತ್ತಾರೆ.

ಒಂದು ಸಂಜೆ ಅಮ್ಮನಿಗೆ ಬೇರೆ ಓದಲು ಸಿಗದೆ, ಪಟ್ಟಿಯ ಆ ಭಾಗ ಓದು ಅಂದಳು. ಓದಿದೆ. ಈರುಳ್ಳಿ, ಬೆಳ್ಳುಳ್ಳಿ ಹಸಿಯೋ ಬೆಂದದ್ದೋ ಪುಡಿಯೋ ಯಾವ ರೂಪದಲ್ಲೂ ಕೂಡದು, ನಾಯಿ ಬೆಕ್ಕುಗಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಅಮ್ಮ ನೆಟ್ಟಗೆ ಕೂತಳು. “ಮುಂದೆ?” ಕಾಫಿ, ಚಹ, ಚಾಕೊಲೇಟ್ ಕೂಡದು. “ಮುಂದೆ?” ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ, ಒಂದು ನಾಯಿಗೆ ಆಗಿಬಂದಷ್ಟು ಇನ್ನೊಂದಕ್ಕೆ ಆಗದು, ಇಷ್ಟು ತಿಂದರೆ ಕ್ಷೇಮ ಅನ್ನುವ ಅಳತೆ ಇಲ್ಲ. ಇದು ಯಾಕೆಂದು ಬಹಳ ಕಾಲ ಯಾರಿಗೂ ತಿಳಿದಿರಲಿಲ್ಲ. ಅಮೆರಿಕದಲ್ಲಿ ಮನೆಯಲ್ಲಿ ಮಾಡಿದ ಆಟದ ಹಿಟ್ಟು ತಿಂದ ನಾಯಿಗೂ ಇದೇ ಲಕ್ಷಣ ಕಂಡಾಗ, ಹಿಟ್ಟಿಗೆ ಹಾಕಿದ್ದ ಟಾರ್ಟರ್ ಪುಡಿಯ ಜಾಡು ಹಿಡಿದ ಪಶುವೈದ್ಯರು 2021ರಲ್ಲಿ ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಧಾರಾಳವಾಗಿದೆ, ಹುಣಸೆ ತಿಂದ ನಾಯಿಗಳಲ್ಲೂ ತೊಂದರೆ ಕಂಡಿದೆ.

“ಹುಣಸೇನೂ ಇಲ್ವಾ?” ಅಮ್ಮ ಕನ್ನಡಕ ತೆಗೆದಳು. “ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಹುಣಸೆ ಇಲ್ಲ, ಕಾಫಿ ಇಲ್ಲ, ಖಾರ ಇಲ್ಲ. ಶಾಕವ್ರತ ಕಣೋ ಇದು!”

ಚಾತುರ್ಮಾಸ್ಯದ ಮೊದಲ ತಿಂಗಳು ಅಮ್ಮನ ಅಡಿಗೆ ನಡೆಯುವುದು ಹೀಗೆಯೇ. ತರಕಾರಿ, ಹುಣಸೆ, ಮೆಣಸಿನಕಾಯಿ ಎಲ್ಲ ಬಂದ್. ಮೂರನೇ ತಿಂಗಳು ಕ್ಷೀರವ್ರತ, ಹಾಲು ಬಂದ್. “ಸುಬ್ಬಿಗೆ ಹಾಲು ಆಗಲ್ಲ ಅಂದ್ಯಲ್ಲ? ಕ್ಷೀರವ್ರತ” ಎಂದು ಅವಳೇ ಬೆರಳು ಮಡಿಸಿದಳು. ಆಮೇಲೆ ನನ್ನನ್ನೂ, ಬಾಗಿಲ ಹಿಂದೆ ಈರುಳ್ಳಿ ಹೆಚ್ಚುತ್ತಿದ್ದ ಸೊಸೆಯನ್ನೂ ನೋಡಿ, “ಪ್ರಾಣಿಗಿರೋ ಆಚಾರ ಮನುಷ್ಯರಿಗಿಲ್ಲ” ಅಂದಳು. ಅವತ್ತು ರಾತ್ರಿ ಭೀಮ ನಡುಮನೆಯ ಹೊಸ್ತಿಲು ದಾಟಿದ. ಯಾರೂ ಏನೂ ಅನ್ನಲಿಲ್ಲ. ಅವನಿಗೆ ಉಪ್ಪು ಹಾಕದ ಅನ್ನ, ಬೇಯಿಸಿದ ಕುಂಬಳಕಾಯಿಯನ್ನು ಅಮ್ಮನೇ ಬೇರೆ ಪಾತ್ರೆಯಲ್ಲಿ ಕಲಸಿ ಇಡಲು ಶುರುಮಾಡಿದಳು. ಮೊಟ್ಟೆಯನ್ನು ಹೆಂಡತಿ ಹಿತ್ತಿಲಲ್ಲಿ ಕೊಡುತ್ತಿದ್ದದ್ದು ಅಮ್ಮನಿಗೆ ಗೊತ್ತಿತ್ತೋ ಇಲ್ಲವೋ, ಅವಳ ಕಿವಿ ಮಂದ, ಮೂಗಿನ ವಿಷಯ ನಾವು ಕೇಳಿಲ್ಲ.

ಪಟ್ಟಿ, ಲಾಕು, ಬಲೆ ಯಾವುದೂ ಮಾಡದ ಕೆಲಸವನ್ನು ವ್ರತ ಮಾಡಿತು. ಯಾರಾದರೂ ಬಂದು ಈರುಳ್ಳಿ ಬಜ್ಜಿಯ ತುಂಡನ್ನು ಭೀಮನ ಕಡೆ ಚಾಚಿದರೆ ಅಮ್ಮ ಕುರ್ಚಿಯಿಂದಲೇ, “ಅವನು ಈರುಳ್ಳಿ ಮುಟ್ಟಲ್ಲ. ವ್ರತದಲ್ಲಿದಾನೆ” ಎನ್ನುತ್ತಿದ್ದಳು. ಚಾಚಿದ ಕೈ ಹಾವು ಕಂಡಂತೆ ಹಿಂದೆ ಹೋಗುತ್ತಿತ್ತು. ‘ಒಂದು ಚೂರು’ ಎಂದವರು ಒಬ್ಬರೂ ಇಲ್ಲ. ಬೀಗರೊಬ್ಬರಂತೂ ಬಜ್ಜಿಯ ತಟ್ಟೆಯನ್ನೇ ಕೆಳಗಿಟ್ಟು, ಭೀಮನಿಗೆ ಅರ್ಧ ಕೈಮುಗಿದು, ಅದು ಅರ್ಧವೆಂದು ತೋರದಿರಲು ಕೈ ಒರೆಸಿಕೊಂಡರು.

ಅಮ್ಮನ ತಮ್ಮ, ನನ್ನ ಸೋದರಮಾವ, ಇವರೆಲ್ಲರಿಗಿಂತ ಅಪಾಯದ ಮನುಷ್ಯ. ಪ್ರಾಣಿಗಳೆಂದರೆ ಪ್ರೀತಿ. ಸಕ್ಕರೆ ಕಾಯಿಲೆಯಾದ್ದರಿಂದ ಜೇಬಿನಲ್ಲಿ ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಇಟ್ಟುಕೊಂಡಿರುತ್ತಾರೆ. ಅಂಥವುಗಳಲ್ಲಿ ಝೈಲಿಟಾಲ್ ಎಂಬ ಸಿಹಿ ಇದ್ದರೆ ಅದು ನಾಯಿಯ ಮೈಯಲ್ಲಿ ಇನ್ಸುಲಿನ್ ಉಕ್ಕಿಸಿ, ರಕ್ತದ ಸಕ್ಕರೆಯನ್ನು ಪಾತಾಳಕ್ಕಿಳಿಸುತ್ತದೆ. ಮಾವ ಬಂದರೆ ಅವರ ಜುಬ್ಬವನ್ನು ಗೌರವದಿಂದ ಬಿಚ್ಚಿಸಿ ಎತ್ತರದ ಮೊಳೆಗೆ ನೇತುಹಾಕುವುದು ನನ್ನ ಕೆಲಸ. ಭೀಮನ ವ್ರತದ ವಿಷಯ ಕೇಳಿ ಮಾವ ಕರಗಿಹೋದರು. “ಪೂರ್ವಜನ್ಮದ ಸಂಸ್ಕಾರ ಅಕ್ಕ. ಏಕಾದಶೀನೂ ಮಾಡ್ತಾನಾ?” ಎಂದರು. ಮಹಾಭಾರತದ ಭೀಮನಿಗೇ ಹಸಿವು ತಡೆಯಲಾಗದೆ ವರ್ಷಕ್ಕೊಂದು ನಿರ್ಜಲ ಏಕಾದಶಿ ಸಾಕೆಂದು ವ್ಯಾಸರು ರಿಯಾಯಿತಿ ಕೊಟ್ಟಿದ್ದರಲ್ಲವೇ ಎಂದು ನಾನು ನಗೆಯಾಡಿದೆ. ಅಮ್ಮ ಮಾತ್ರ ಗಂಭೀರವಾಗಿ, “ಚಿಕ್ಕವನು, ನಿರ್ಜಲ ಆಗಲ್ಲ. ಫಲಾಹಾರ” ಎಂದುಬಿಟ್ಟಳು.

ವೈಕುಂಠ ಏಕಾದಶಿಯ ದಿನ ಬೆಳಿಗ್ಗೆ ಮಾವ ದೇವಸ್ಥಾನದ ಸಾಲಿನಲ್ಲಿ ನಿಂತು, ವೈಕುಂಠದ ಬಾಗಿಲು ದಾಟಿ, ಸೀದಾ ನಮ್ಮ ಮನೆಗೆ ಬಂದರು. ಕೈಯಲ್ಲಿ ಚೀಲ. ಅಮ್ಮನಿಗೆ ಬಾಳೆಹಣ್ಣು, ನಮಗೆ ಪ್ರಸಾದ. ಆಮೇಲೆ ಭೀಮನನ್ನು ಹೆಸರು ಹಿಡಿದು ಕರೆದು, ಅವನ ಫಲಾಹಾರಕ್ಕೆಂದೇ ಮಾರುಕಟ್ಟೆಯಲ್ಲಿ ಆರಿಸಿ ಆರಿಸಿ ತಂದ ಅರ್ಧ ಕೆಜಿ ಕಪ್ಪು ದ್ರಾಕ್ಷಿಯನ್ನು ಹೊರತೆಗೆದರು. ಪಟ್ಟಿ ಫೈಲಿನೊಳಗಿತ್ತು, ಫೈಲು ಬೀರುವಿನಲ್ಲಿತ್ತು. ಭೀಮ ಬಾಯಿ ತೆರೆದು ಕೂತಿದ್ದ. ಟಾರ್ಟಾರಿಕ್ ಆಮ್ಲದ ವಿಚಾರ ಹೇಳಲು ನಾನು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ.

“ಅದು ಕೊಡಬೇಡ ಕಣಪ್ಪ” ಎಂದಳು ಅಮ್ಮ, ಜಪಸರದಿಂದ ಕಣ್ಣೆತ್ತದೆ. “ದ್ರಾಕ್ಷಿ ಅವನು ಕಾಶೀಲಿ ಬಿಟ್ಟಿದಾನೆ.”